ಫಲಿತಾಂಶಕ್ಕೆ ಮುನ್ನವೇ ಮುಚ್ಚುವ ಬಾಗಿಲು

ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಗುತ್ತದೆ. ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ 'ಮುಂದೇನು' ಎಂಬ ಮಾತು ಮನೆಮನೆಯಲ್ಲಿ ಶುರುವಾಗುವುದು ಆಗಲೇ. ವಿಜ್ಞಾನ ಓದಿದವರ ಮಟ್ಟಿಗೆ ಈ ಪದ್ಧತಿ ಬದಲಾಗಿದೆ. ಸಿಇಟಿ, ನೀಟ್‌ಗಳ ದಿನಾಂಕ ಇಂದು ಹಳ್ಳಿಯ ಕಿರಾಣಿ ಅಂಗಡಿಯವರಿಗೂ ಗೊತ್ತು. ಕಲೆ ಮತ್ತು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳ ಸ್ಥಿತಿ ಹಾಗಿಲ್ಲ. ಅವರಲ್ಲಿ ಒಬ್ಬಳು ಕಾನೂನು ಓದಬೇಕೆಂದು ಬಯಸಿದರೆ, ದೇಶದ ಹೆಸರುವಾಸಿ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ನಾಲ್ಕು ತಿಂಗಳ ಹಿಂದೆಯೇ ಮುಗಿದಿದೆ ಎಂಬ ಸಂಗತಿ ಅವಳಿಗೆ ಅಂಕಪಟ್ಟಿ ಕೈಗೆ ಬಂದ ಮೇಲೆ ತಿಳಿಯುತ್ತದೆ.

ಕ್ಲಾಟ್ ಎಂದು ಕರೆಯಲಾಗುವ ಈ ಸಾಮಾನ್ಯ ಕಾನೂನು ಪ್ರವೇಶ ಪರೀಕ್ಷೆ 2008ರಲ್ಲಿ ಆರಂಭವಾಯಿತು. ಬಹುಕಾಲ ಅದು ಬೇಸಿಗೆಯಲ್ಲಿ, ಪಿಯುಸಿ ಪರೀಕ್ಷೆಯ ನಂತರ ನಡೆಯುತ್ತಿತ್ತು. 2023ರ ಪ್ರವೇಶಕ್ಕಾಗಿ ನಡೆದ ಪರೀಕ್ಷೆಯನ್ನು 2022ರ ಡಿಸೆಂಬರ್ 18ಕ್ಕೇ ನಡೆಸಲಾಯಿತು. ಅಂದಿನಿಂದ ಡಿಸೆಂಬರ್ ತಿಂಗಳೇ ರೂಢಿಯಾಗಿದೆ. ಅರ್ಜಿ ಕರೆಯುವುದು ಜುಲೈ–ಆಗಸ್ಟ್ ಹೊತ್ತಿಗೆ, ಮುಚ್ಚುವುದು ಅಕ್ಟೋಬರ್ ಅಂತ್ಯ ಅಥವಾ ನವೆಂಬರ್ ಹೊತ್ತಿಗೆ. ಹೀಗಾಗಿ ಎಲ್ಲಿ ಓದಬೇಕೆಂಬ ತೀರ್ಮಾನವನ್ನು ಹದಿನೇಳು ವರ್ಷದ ವಿದ್ಯಾರ್ಥಿ ತನ್ನ ಅಂಕಗಳು ಎಷ್ಟೆಂದು ತಿಳಿಯುವುದಕ್ಕೆ ಮೊದಲೇ, ತೊಗರಿ ಇನ್ನೂ ಹೊಲದಲ್ಲಿರುವಾಗಲೇ ಮಾಡಬೇಕಾಗಿದೆ. ರಾಶಿಯಾಗಿ ಕೈಯಲ್ಲಿ ಹಣ ಆಡುವುದು ಅದರ ನಂತರ. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500 ರೂಪಾಯಿ ಎಂದು ನಡೆದುಬಂದಿದೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವವನಿಗೆ, ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿಯುವವನಿಗೆ ಇದು ಸಣ್ಣ ಮೊತ್ತವಲ್ಲ. ಮಗಳು ಉತ್ತೀರ್ಣಳಾಗುತ್ತಾಳೋ ಇಲ್ಲವೋ ಎಂದು ತಿಳಿಯುವ ಮೊದಲೇ ಈ ಹಣ ಏಕೆ ಕಟ್ಟಬೇಕು ಎಂದು ಅವನು ಕೇಳಿದರೆ ಅದು ದಡ್ಡತನದ ಪ್ರಶ್ನೆಯೇನೂ ಅಲ್ಲ.

ಈ ಪ್ರದೇಶಕ್ಕೂ ವಕೀಲಿ ವೃತ್ತಿಗೂ ಹಳೆಯ ನಂಟಿದೆ. ಎರಡು ಬಾರಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು ಚಿಂಚೋಳಿಯವರು, ಕಾನೂನು ಪದವೀಧರರು. ಜೇವರ್ಗಿ ತಾಲ್ಲೂಕಿನ ನೇಲೋಗಿಯ ಧರ್ಮಸಿಂಗ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಮುಂದಿನ ತಲೆಮಾರಿನ ಮಲ್ಲಿಕಾರ್ಜುನ ಖರ್ಗೆ ಅವರು ಓದಿದ್ದು ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ, ಎಂ.ಎಸ್.ಕೆ. ಮಿಲ್ ಕಾರ್ಮಿಕರ ಸಂಘದ ಕಾನೂನು ಸಲಹೆಗಾರರಾಗಿ ಅವರು ಸಾರ್ವಜನಿಕ ಜೀವನಕ್ಕೆ ಬಂದರು. ಅಂದಿನವರ ಮುಂದೆ ಇದ್ದ ಆಯ್ಕೆಗಳು ಎರಡೇ. ನಿಜಾಮರ ಕಾಲದಿಂದ ಬಂದ ಹೈದರಾಬಾದಿನ ದಾರಿ ಒಂದು, ಊರಿನ ಹತ್ತಿರದ ಕಲಬುರಗಿಯ ದಾರಿ ಇನ್ನೊಂದು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ 1874ರಷ್ಟು ಹಳೆಯದು. ಸೇಡಂನ ಜನರಿಗೆ ಹೈದರಾಬಾದ್ ಇಂದಿಗೂ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ನಂಟಸ್ತನದಲ್ಲಿ ಕೂಡ. ಇಂದಿನ ವಿದ್ಯಾರ್ಥಿಗೆ ಆಯ್ಕೆಗಳು ಹೆಚ್ಚಾಗಿವೆ. ಆದರೆ ಅವುಗಳನ್ನು ತೂಗಿ ನೋಡಲು ಬೇಕಾದ ಮಾಹಿತಿ ಮಾತ್ರ ಕಾಲೇಜಿನ ಸೂಚನಾ ಫಲಕದಲ್ಲಿ ಕಾಣುವುದಿಲ್ಲ.

ಕಳೆದ ವರ್ಷ ವಾಡಿಯ ಕಾರ್ಯಕ್ರಮವೊಂದು ಮುಗಿದ ಮೇಲೆ ಪಿಯುಸಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, "ಸರ್, ಲಾ ಓದಲಿಕ್ಕೆ ಬೆಂಗಳೂರಿಗೇ ಹೋಗಬೇಕೇನ್ರಿ, ಇಲ್ಲೇ ಕಲಬುರಗ್ಯಾಗ ಓದಿದ್ರ ನಡೀತದೇನ್ರಿ?" ಎಂದು ಕೇಳಿದಳು. ಪ್ರಶ್ನೆ ಸರಳವಾಗಿದೆ. ಉತ್ತರ ಹೇಳುವ ಮೊದಲು ಕೆಲವು ಲೆಕ್ಕಗಳನ್ನು ನೋಡಲೇಬೇಕು. ಅರ್ಥಶಾಸ್ತ್ರ ಓದಿ ಜೀವನವಿಡೀ ಸರ್ಕಾರಿ ಕಡತಗಳ ನಡುವೆ ಕಳೆದವನಿಗೆ ಅದೊಂದು ಚಟ.

ಮೊದಲು ಬೆಂಗಳೂರಿನ ಬಾಗಿಲು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ 1986ರ ಕರ್ನಾಟಕದ ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆ. ಪ್ರೊ. ಎನ್.ಆರ್. ಮಾಧವ ಮೆನನ್ ಅದನ್ನು ಕಟ್ಟಿ ಐದು ವರ್ಷದ ಸಂಯುಕ್ತ ಪದವಿಗೆ ದೇಶದಲ್ಲಿ ಮಾನ್ಯತೆ ತಂದರು. ಆದರೆ ಜಮೀನು ಕೊಟ್ಟ, ಕಾನೂನು ಮಾಡಿಕೊಟ್ಟ ರಾಜ್ಯದ ಮಕ್ಕಳಿಗೆ ಅಲ್ಲಿ ಮೂರು ದಶಕ ಕಾಲ ಪ್ರತ್ಯೇಕ ಪಾಲು ಇರಲಿಲ್ಲ. 2020ರಲ್ಲಿ ರಾಜ್ಯ ವಿಧಾನಮಂಡಲ ತಿದ್ದುಪಡಿ ಮಾಡಿ ಶೇ 25ರಷ್ಟು ಸಮತಲ ಮೀಸಲಾತಿ ತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ವಿಷಯ ಅಲ್ಲಿಗೇ ಮುಗಿಯಿತೆಂದು ಬಹಳ ಮಂದಿ ಇಂದಿಗೂ ತಿಳಿದಿದ್ದಾರೆ. ವಾಸ್ತವದಲ್ಲಿ 2021ರಿಂದ ಆ ವಿಶ್ವವಿದ್ಯಾಲಯ ತನ್ನದೇ ನಿರ್ಧಾರದ ಮೇರೆಗೆ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ ಮೀಸಲಾತಿ ನೀಡುತ್ತಾ ಬಂದಿದೆ. ಕರ್ನಾಟಕದ ವಿದ್ಯಾರ್ಥಿ ಎಂದರೆ ರಾಜ್ಯದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು ಎಂದು ಅರ್ಥ. ಪರಿಶಿಷ್ಟ ಜಾತಿ ಅಥವಾ ಪಂಗಡದ ಪಟ್ಟಿಯೊಳಗೂ ಕರ್ನಾಟಕದವರ ಪಾಲು ಹೀಗೆ ಅಡ್ಡಲಾಗಿ ಹಾಯುತ್ತದೆ.

ಈ ಹತ್ತು ವರ್ಷದ ನಿಯಮವನ್ನು ಸೇಡಂ ಮತ್ತು ಚಿಂಚೋಳಿ ತಾಲ್ಲೂಕಿನ ತಂದೆತಾಯಂದಿರು ಎರಡು ಸಲ ಓದಬೇಕು. ಗಡಿಯಾಚೆಯ ತಾಂಡೂರು, ಜಹೀರಾಬಾದ್, ಹೈದರಾಬಾದ್ ಶಾಲೆಗಳಿಗೆ ಎಂಟನೆಯ ತರಗತಿಯ ಹೊತ್ತಿಗೇ ಮಕ್ಕಳನ್ನು ಕಳುಹಿಸುವ ರೂಢಿ ಇಲ್ಲಿ ಚೆನ್ನಾಗಿ ಬೇರೂರಿದೆ. ಹಾಗೆ ಹೋದ ಮಗುವಿಗೆ ಕರ್ನಾಟಕದಲ್ಲಿ ಓದಿದ ವರ್ಷಗಳು ಏಳೇ ಆಗುತ್ತವೆ. ಅತ್ತ ಹೈದರಾಬಾದ್ ಹೊರವಲಯದ ನಲ್ಸಾರ್‌ನಲ್ಲಿರುವ ರಾಜ್ಯದ ಪಾಲು ತೆಲಂಗಾಣದವರಿಗೆ. ಮನೆಯ ಪಕ್ಕದ ವಿಶ್ವವಿದ್ಯಾಲಯದಲ್ಲಿ ಹೊರಗಿನವನಾಗಿ, ತನ್ನ ರಾಜ್ಯದ ವಿಶ್ವವಿದ್ಯಾಲಯದಲ್ಲೂ ಹೊರಗಿನವನಾಗಿ ನಿಲ್ಲುವ ಸ್ಥಿತಿ ಅದು.

ಪಾಲು ಇದೆಯೆಂದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಕ್ಲಾಟ್ ಎರಡು ಗಂಟೆಯ ಪರೀಕ್ಷೆ. ಈಚಿನ ಸ್ವರೂಪದಲ್ಲಿ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಕಾನೂನಿನ ಪೂರ್ವಜ್ಞಾನ ಬೇಕಿಲ್ಲ. ಬೇಕಾದದ್ದು ದೀರ್ಘವಾದ ಇಂಗ್ಲಿಷ್ ಗದ್ಯಭಾಗಗಳನ್ನು ವೇಗವಾಗಿ ಓದಿ ತರ್ಕಿಸುವ ಶಕ್ತಿ. ಭಾಷೆ, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ, ಇವೆಲ್ಲವೂ ಗದ್ಯಭಾಗಗಳ ಮೂಲಕವೇ ಬರುತ್ತವೆ, ಎಲ್ಲವೂ ಇಂಗ್ಲಿಷಿನಲ್ಲೇ. ಪ್ರಾದೇಶಿಕ ಭಾಷೆಗಳಲ್ಲೂ ಪರೀಕ್ಷೆ ನಡೆಸಬೇಕೆಂಬ ಕೋರಿಕೆ ದೆಹಲಿ ಹೈಕೋರ್ಟಿನ ಮುಂದೆ ಹೋಗಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಪಿಯುಸಿಯಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಓದಿದ ಚಿತ್ತಾಪುರದ ಹುಡುಗನಿಗೆ ಮೂರು ತಿಂಗಳ ತಯಾರಿ ಸಾಲದು. ಪ್ರಥಮ ಪಿಯುಸಿಯ ಮೊದಲ ದಿನದಿಂದ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿದವನಿಗೆ ದಾರಿ ಉಂಟು. ಬಡ ಮತ್ತು ಗ್ರಾಮೀಣ ವಿದ್ಯಾರ್ಥಿಗಳಿಗೆ ಉಚಿತವಾಗಿ ತರಬೇತಿ ಕೊಡಿಸುವ ಸಲುವಾಗಿ ಕಾನೂನು ವಿದ್ವಾಂಸ ಶಮ್ನಾದ್ ಬಷೀರ್ 2010ರಲ್ಲಿ ಸ್ಥಾಪಿಸಿದ 'ಇಡಿಯಾ' ಎಂಬ ಸಂಸ್ಥೆಯಿದೆ. ಅಂಥವರ ಗಮನ ಕಲಬುರಗಿಯ ಪೂರ್ವ ತಾಲ್ಲೂಕುಗಳ ಕಡೆಗೆ ಹರಿಯುವಂತೆ ಮಾಡುವುದು ಇಲ್ಲಿನ ಕಾಲೇಜುಗಳ ಪ್ರಾಂಶುಪಾಲರ ಕೈಯಲ್ಲಿದೆ. ಒಂದು ಪತ್ರ ಬರೆದರೆ ಸಾಕು.

ಖರ್ಚಿನ ಮಾತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಸರ್ಕಾರಿ ಕಾಯ್ದೆಯಿಂದ ಹುಟ್ಟಿದವಾದರೂ ಶುಲ್ಕದಲ್ಲಿ ಸರ್ಕಾರಿ ಸಂಸ್ಥೆಗಳಂತಿಲ್ಲ. ಬೆಂಗಳೂರಿನಲ್ಲಿ ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ ಮೂರು ಲಕ್ಷ ರೂಪಾಯಿ ಮೀರುತ್ತದೆ. ಐದು ವರ್ಷಕ್ಕೆ ಹದಿನೈದು ಲಕ್ಷ ದಾಟುತ್ತದೆ. ಇದನ್ನು ಕೇಳಿದೊಡನೆ ಅರ್ಜಿಯನ್ನೇ ಕೈಬಿಡುವುದು ಆತುರ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ, ಕುಟುಂಬದ ಆದಾಯ ವರ್ಷಕ್ಕೆ ಎಂಟು ಲಕ್ಷದೊಳಗಿದ್ದರೆ, ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಉನ್ನತ ದರ್ಜೆ ಶಿಕ್ಷಣ ಯೋಜನೆ ಪಟ್ಟಿಯಲ್ಲಿರುವ ಸಂಸ್ಥೆಗಳ ಶುಲ್ಕವನ್ನು ಭರಿಸುತ್ತದೆ. ಪಟ್ಟಿಯಲ್ಲಿ ಕಾನೂನು ವಿಶ್ವವಿದ್ಯಾಲಯಗಳೂ ಇವೆ. ಇತರರಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಜಾಮೀನು, ಅಡಮಾನಗಳಿಲ್ಲದೆ ಸಾಲ ಸಿಗುತ್ತದೆ. ಆದಾಯ ಎಂಟು ಲಕ್ಷದೊಳಗಿನ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಉಂಟು. ಎರಡು ಎಕರೆ ಹೊಲ ಅಡವಿಟ್ಟು ಓದಿಸುವ ಕಾಲ ಅಷ್ಟರಮಟ್ಟಿಗೆ ಹಿಂದೆ ಸರಿದಿದೆ. ಆದರೆ ಸಾಲ ಸಾಲವೇ. ಅದನ್ನು ತೀರಿಸಬೇಕಾದವನು ಕಂಪನಿಗಳ ಕಾನೂನು ಕಚೇರಿಗೆ ಸೇರಬೇಕಾಗುತ್ತದೆ, ಮುಂಬೈಗೋ ದೆಹಲಿಗೋ ಹೋಗಬೇಕಾಗುತ್ತದೆ. ತಾಲ್ಲೂಕು ನ್ಯಾಯಾಲಯದ ಹಿರಿಯ ವಕೀಲರ ಬಳಿ ಕೈಖರ್ಚಿನ ಹಣಕ್ಕೆ ಕಿರಿಯನಾಗಿ ದುಡಿಯಲು ಅವನಿಂದ ಸಾಧ್ಯವಿಲ್ಲ. ಸಾಲದ ಮೊತ್ತವೇ ಅವನ ವೃತ್ತಿಯ ಊರನ್ನೂ ನಿರ್ಧರಿಸಿಬಿಡುತ್ತದೆ. ಅರ್ಜಿ ತುಂಬುವ ಹೊತ್ತಿನಲ್ಲಿ ಯಾರೂ ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ.

ಇನ್ನು ಹತ್ತಿರದ ಬಾಗಿಲು. ಕಲಬುರಗಿಯ ಕಾನೂನು ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂದವು. ಇಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ಪಿಯುಸಿ ಅಂಕಗಳೇ ಆಧಾರ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಇದ್ದರಾಯಿತು. ಅರ್ಜಿಗೂ ಫಲಿತಾಂಶದ ನಂತರ ಕಾಲಾವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲೇ ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಕನ್ನಡದಲ್ಲಿ ಬರೆಯಬಹುದು ಎಂದು ಅಚ್ಚಾಗಿರುತ್ತದೆ. ಕನ್ನಡದಲ್ಲಿ ಬರೆದು ವಕೀಲರಾಗುವ ಈ ದಾರಿಯನ್ನು ನಗರದ ಓದುಗರಲ್ಲಿ ಕೆಲವರು ಕೀಳಾಗಿ ಕಾಣುವುದುಂಟು. ನನ್ನ ಅನುಭವ ಬೇರೆ.

ಸೇವೆಯಲ್ಲಿದ್ದಾಗ ಈ ಭಾಗದ ಉಪವಿಭಾಗವೊಂದರಲ್ಲಿ ಕಂದಾಯ ನ್ಯಾಯಾಲಯದ ಪೀಠದಲ್ಲಿ ಕುಳಿತು ವಾದ ಕೇಳಿದ್ದೇನೆ. ತಹಶೀಲ್ದಾರರ ಆದೇಶದ ಮೇಲಿನ ಮೇಲ್ಮನವಿಗಳು, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯ್ದೆಯಡಿಯ ಪ್ರಕರಣಗಳು ಅಲ್ಲಿಗೆ ಬರುತ್ತಿದ್ದವು. ಕೈಬಿಟ್ಟುಹೋದ ಜಮೀನನ್ನು ಮರಳಿ ಕೇಳುವ ದಲಿತ ಕುಟುಂಬದ ಕಡತದಲ್ಲಿ ಮಂಜೂರಾತಿಯ ಮೂಲ ದಾಖಲೆ ಹಲವು ಸಲ ಉರ್ದುವಿನಲ್ಲಿ ಇರುತ್ತಿತ್ತು. ಹೈದರಾಬಾದ್ ಸಂಸ್ಥಾನದ ಕಾಲದ ಖಾಸ್ರಾ ಪಹಣಿಯ ಒಂದು ಸಾಲು ಓದಬಲ್ಲ, ಸರ್ವೆ ನಂಬರಿನ ಪೋಡಿ ಎಲ್ಲಿ ತಪ್ಪಿತೆಂದು ತೋರಿಸಬಲ್ಲ, ಕಕ್ಷಿದಾರಳ ಮಾತನ್ನು ಅವಳ ನುಡಿಯಲ್ಲೇ ಕೇಳಿಸಿಕೊಳ್ಳಬಲ್ಲ ವಕೀಲ ಎದ್ದು ನಿಂತಾಗ ಪ್ರಕರಣದ ದಿಕ್ಕೇ ಬದಲಾಗುವುದನ್ನು ನೋಡಿದ್ದೇನೆ. 2017ರಲ್ಲಿ ಸುಪ್ರೀಂ ಕೋರ್ಟ್ ಇಂಥ ಅರ್ಜಿಗಳನ್ನು ಸಮಂಜಸ ಕಾಲಾವಧಿಯೊಳಗೆ ಸಲ್ಲಿಸಬೇಕೆಂದು ಹೇಳಿದ ಮೇಲೆ ಎಷ್ಟೋ ಕುಟುಂಬಗಳು ಸೋತವು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿಯನ್ನು ತೆಗೆಯಲು ಮುಂದಾಯಿತು. ಇದನ್ನು ತಾಂಡಾದ, ಕೇರಿಯ ಜನರಿಗೆ ತಿಳಿಸಿ ಹೇಳಿ ಅರ್ಜಿ ಹಾಕಿಸುವವರು ಯಾರು? ಚಿಂಚೋಳಿಯ ಕಾಡಂಚಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಶ್ನೆಗಳಿವೆ. ಮಳಖೇಡ, ಸೇಡಂ, ವಾಡಿಗಳ ಸುತ್ತ ಸುಣ್ಣಕಲ್ಲಿನ ಗಣಿ ಗುತ್ತಿಗೆ, ಭೂಸ್ವಾಧೀನದ ಪರಿಹಾರ, ಗುತ್ತಿಗೆ ಕಾರ್ಮಿಕರ ಬಾಕಿ, ಸಿಮೆಂಟ್ ಲಾರಿಗಳಿಂದಾಗುವ ಅಪಘಾತದ ಪರಿಹಾರ, ಹೀಗೆ ಮೊಕದ್ದಮೆಗಳಿಗೆ ಬರವಿಲ್ಲ. ಕಂಪನಿಗಳ ಪರವಾಗಿ ನಿಲ್ಲಲು ಬೆಂಗಳೂರು, ಹೈದರಾಬಾದ್, ಮುಂಬೈಗಳಿಂದ ವಕೀಲರು ಬರುತ್ತಾರೆ. ಎದುರು ಪಕ್ಷದಲ್ಲಿ ನಿಲ್ಲುವವರು ಈ ಊರಿನ ಕಾಲೇಜುಗಳಲ್ಲಿ ಓದಿದವರೇ.

ಹೀಗಿರುವಾಗ ಅವರು ಎಷ್ಟು ಚೆನ್ನಾಗಿ ಓದಿದ್ದಾರೆ ಎಂಬ ಪ್ರಶ್ನೆ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಹೆಸರಿಗೆ ದಾಖಲಾಗಿ, ಪರೀಕ್ಷೆಗೆ ಮಾತ್ರ ಹಾಜರಾಗುವ ಕಾನೂನು ವಿದ್ಯಾರ್ಥಿಗಳು ಎಲ್ಲ ಕಡೆ ಇದ್ದಾರೆ. ನಿಯಮದ ಪ್ರಕಾರ ಶೇ 70ರಷ್ಟು ಹಾಜರಾತಿ ಬೇಕು. ಸೀಟು ಕೇಳುವ ಮೊದಲು ಕಾಲೇಜಿಗೆ ಹೋಗಿ ಒಂದು ಸಾಮಾನ್ಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ತರಗತಿಯಲ್ಲಿ ಎಷ್ಟು ಮಂದಿ ಕುಳಿತಿದ್ದಾರೆಂದು ಎಣಿಸಿ ಬನ್ನಿ ಎಂದು ನಾನು ಹೇಳುತ್ತೇನೆ. ಗ್ರಂಥಾಲಯದಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆಯ ಪುಸ್ತಕ ಇದೆಯೋ, 2024ರ ಜುಲೈ 1ಕ್ಕೆ ಬದಿಗೆ ಸರಿದ ಹಳೆಯ ದಂಡ ಸಂಹಿತೆಯದು ಮಾತ್ರ ಇದೆಯೋ ನೋಡಿ. ಯಾವ ಮಾಹಿತಿ ಪುಸ್ತಿಕೆಯೂ ಇಷ್ಟು ನಿಜ ಹೇಳುವುದಿಲ್ಲ. ಶಹಾಬಾದ್, ವಾಡಿಗಳಿಂದ ಕಲಬುರಗಿಗೆ ರೈಲಿನಲ್ಲಿ ನಿತ್ಯ ಹೋಗಿಬರಬಹುದು. ಚಿತ್ತಾಪುರ, ಸೇಡಂನವರಿಗೆ ಸ್ವಲ್ಪ ಕಷ್ಟ. ರೈಲುಮಾರ್ಗವಿಲ್ಲದ ಚಿಂಚೋಳಿಯವರಿಗೆ ಹಾಸ್ಟೆಲ್ ಅನಿವಾರ್ಯ. ಹುಡುಗಿಯರ ಮಟ್ಟಿಗೆ ಎಲ್ಲ ತರ್ಕಗಳಿಗಿಂತ ಮೊದಲು ಬರುವುದು ಈ ಹಾಸ್ಟೆಲ್ಲಿನ ಪ್ರಶ್ನೆಯೇ.

ಕಲಬುರಗಿಯಲ್ಲಿ ಓದಿದವರ ವೃತ್ತಿ ತಾಲ್ಲೂಕಿಗೇ ಸೀಮಿತವಾಗುತ್ತದೆ ಎಂಬ ಮಾತು ಮೊದಲು ನಿಜವಿತ್ತು. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಚಿತ್ರ ಬದಲಾಯಿತು. ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಿ ಕಡತ ಒಪ್ಪಿಸಿ ಬರುತ್ತಿದ್ದ ಪ್ರಕರಣಗಳನ್ನು ಸ್ಥಳೀಯ ವಕೀಲರೇ ನಡೆಸತೊಡಗಿದರು. ಇನ್ನೊಂದು ಬದಲಾವಣೆ ಈಚಿನದು. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷಗಳ ವಕೀಲಿ ಅನುಭವ ಇರಲೇಬೇಕೆಂಬ ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದಿತು. ಪದವಿ ಪಡೆದ ಕೂಡಲೇ ಕೋಚಿಂಗ್ ಸೇರಿ ನ್ಯಾಯಾಧೀಶರಾಗುವ ದಾರಿ ಇದರಿಂದ ಮುಚ್ಚಿತು. ಮೂರು ವರ್ಷ ಎಲ್ಲಾದರೂ ಬಾರಿನಲ್ಲಿ ದುಡಿಯಲೇಬೇಕು. ಮನೆಯ ಊಟ, ಪರಿಚಿತ ಹಿರಿಯರು ಇರುವ ಊರೇ ಆ ಮೂರು ವರ್ಷಗಳಿಗೆ ಅಗ್ಗ. ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಭಾಷಾಂತರದ ಪತ್ರಿಕೆಯೂ ಇದೆ. ಇಂಗ್ಲಿಷಿನಲ್ಲಿ ಮಾತ್ರ ಪಳಗಿದವನೂ ಕನ್ನಡದಲ್ಲಿ ಮಾತ್ರ ಬರೆದವನೂ ಅಲ್ಲಿ ಒಂದೇ ಬಗೆಯಲ್ಲಿ ತಡವರಿಸುತ್ತಾರೆ. ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶವನ್ನು ಬಳಸಿಕೊಳ್ಳಿ, ಆದರೆ ಹೈಕೋರ್ಟಿನ ಭಾಷೆ ಇಂಗ್ಲಿಷ್ ಎಂಬುದನ್ನು ಮರೆಯಬೇಡಿ ಎಂದು ಕನ್ನಡ ಮಾಧ್ಯಮದ ಮಕ್ಕಳಿಗೆ ಹೇಳಬೇಕಾದದ್ದು ಇದೇ ಕಾರಣಕ್ಕೆ.

ವೃತ್ತಿಯ ಹೊಸಿಲಿನ ಖರ್ಚೂ ತಗ್ಗಿದೆ. ವಕೀಲರ ನೋಂದಣಿಗೆ ಪರಿಷತ್ತುಗಳು ಮನಬಂದಂತೆ ವಸೂಲು ಮಾಡುತ್ತಿದ್ದ ಸಾವಿರಾರು ರೂಪಾಯಿಗಳಿಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತು; ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ.

ಈ ಎರಡು ಬಾಗಿಲುಗಳ ನಡುವೆ ಮೂರನೆಯದೊಂದು ತೆರೆದುಕೊಂಡಿದೆ. ಅದರ ಬಗ್ಗೆ ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಖಾಸಗಿ ವಿಶ್ವವಿದ್ಯಾಲಯಗಳು ಪಿಯುಸಿ ಪರೀಕ್ಷೆಗೆ ಮೊದಲೇ ಅರ್ಜಿ ಕರೆದು, ಸಂದರ್ಶನ ಮುಗಿಸಿ, ಇಂತಿಷ್ಟು ದಿನದೊಳಗೆ ಹಣ ಕಟ್ಟಿದರೆ ಸೀಟು ಖಾತ್ರಿ, ತಡವಾದರೆ ಇಲ್ಲ ಎನ್ನುತ್ತವೆ. ಬೇಗ ಸೇರಿದವರಿಗೆ ವಿದ್ಯಾರ್ಥಿವೇತನ ಎಂಬ ಆಮಿಷವೂ ಇರುತ್ತದೆ. ಇದು ಅಮೆರಿಕದಿಂದ ಕಲಿತ ವಿದ್ಯೆ. ಅಲ್ಲಿನ ಕಾಲೇಜುಗಳಲ್ಲಿ ನವೆಂಬರ್ ಹೊತ್ತಿಗೇ ಒಂದೇ ಕಾಲೇಜಿಗೆ ಅರ್ಜಿ ಹಾಕಿ, ಸೀಟು ಬಂದರೆ ಸೇರಿಯೇ ಸೇರುತ್ತೇನೆಂದು ಮಾತು ಕೊಡುವ ಪದ್ಧತಿ ಇದೆ. ಇತರ ಕಡೆ ಸಿಗಬಹುದಾದ ನೆರವನ್ನು ಹೋಲಿಸಿ ನೋಡುವ ಅಗತ್ಯವಿಲ್ಲದ ಅನುಕೂಲಸ್ಥರಿಗೇ ಅದರಿಂದ ಲಾಭ ಹೆಚ್ಚು ಎಂಬ ಟೀಕೆ ಅಲ್ಲಿಯೂ ಇದೆ. ಹೋಲಿಸುವ ಹಕ್ಕನ್ನು ಬಿಟ್ಟುಕೊಡುವುದಕ್ಕೂ ಒಂದು ಬೆಲೆಯಿದೆ. ಅರ್ಥಶಾಸ್ತ್ರದ ಮೊದಲ ವರ್ಷದ ಪಾಠವದು. ಮುಂಗಡ ಕಟ್ಟಿದ ಮೇಲಂತೂ ಮತ್ತೊಂದು ಮನಃಸ್ಥಿತಿ ಆವರಿಸುತ್ತದೆ. ಐವತ್ತು ಸಾವಿರ ಹೋಗಿಬಿಡುತ್ತದಲ್ಲ ಎಂಬ ಸಂಕಟದಲ್ಲಿ ಉಳಿದ ಹದಿನೈದಿಪ್ಪತ್ತು ಲಕ್ಷವನ್ನೂ ಕಟ್ಟುತ್ತಾ ಹೋಗುತ್ತಾರೆ.

ಅಂಥವರಿಗೆ ಒಂದು ಸಂಗತಿ ಗೊತ್ತಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮುಂಚೆ ಸೀಟು ಬಿಟ್ಟವರಿಗೆ ಪೂರ್ಣ ಶುಲ್ಕ ಮರಳಿಸಬೇಕು. ನಂತರ ಬಿಟ್ಟವರಿಗೆ ದಿನಗಳಿಗೆ ತಕ್ಕಂತೆ ಶೇ 90, 80, 50. ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಮುಂಗಡ ಮರಳುವುದಿಲ್ಲ ಎಂದು ರಸೀದಿಯ ಮೇಲೆ ಅಚ್ಚು ಮಾಡಿಸಿದರೆ ಆ ನಿಯಮ ಅಳಿಸಿಹೋಗುವುದಿಲ್ಲ. ಕಾನೂನು ಓದಲು ಹೊರಟ ಹುಡುಗ ತನ್ನ ಮೊದಲ ಕಾನೂನು ಪಾಠವನ್ನು ಈ ರಸೀದಿಯ ಮೇಲೆಯೇ ಕಲಿಯಬಹುದು.

ಅಮೆರಿಕದ ಮಾತು ಬಂದಿದ್ದರಿಂದ ಇನ್ನೊಂದು ಹೋಲಿಕೆ. ಅಲ್ಲಿ ಕಾನೂನು ಪದವಿಪೂರ್ವದ ಓದೆಂದರೆ ಯಾವುದೇ ವಿಷಯದಲ್ಲಿ ಪದವಿ ಮಾಡುವುದು. ಇತಿಹಾಸವಾದರೂ ಸರಿ, ಗಣಿತವಾದರೂ ಸರಿ. ಕಾನೂನು ಶಾಲೆ ಅದರ ನಂತರದ ಮೂರು ವರ್ಷ. ನಮ್ಮಲ್ಲೂ ಅದೇ ದಾರಿ ಅಳಿಯದೆ ಉಳಿದಿದೆ. ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌.ಬಿ. ಮಾಡಬಹುದು. ಬೆಂಗಳೂರಿನ ಕಾನೂನು ಶಾಲೆ ಕೂಡ 2022ರಿಂದ ಪ್ರತ್ಯೇಕ ಪ್ರವೇಶ ಪರೀಕ್ಷೆಯ ಮೂಲಕ ಮೂರು ವರ್ಷದ ಪದವಿಯನ್ನು ಆರಂಭಿಸಿದೆ. ಸೇಡಂನ ನೃಪತುಂಗ ಪದವಿ ಕಾಲೇಜಿನಲ್ಲೋ ಶಹಾಬಾದಿನ ಮರಗೋಳ ಕಾಲೇಜಿನಲ್ಲೋ ಚಿಂಚೋಳಿಯ ಸಿ.ಬಿ. ಪಾಟೀಲ ಕಾಲೇಜಿನಲ್ಲೋ ಬಿ.ಎ. ಓದುತ್ತಾ, ಇತಿಹಾಸ ಮತ್ತು ರಾಜ್ಯಶಾಸ್ತ್ರವನ್ನು ಗಟ್ಟಿ ಮಾಡಿಕೊಂಡು, ಆ ಮೂರು ವರ್ಷದಲ್ಲಿ ಇಂಗ್ಲಿಷನ್ನು ಕೈವಶ ಮಾಡಿಕೊಂಡವಳಿಗೆ ಹದಿನೇಳನೆಯ ವಯಸ್ಸಿನಲ್ಲಿ ಮುಚ್ಚಿದ ಬಾಗಿಲು ಇಪ್ಪತ್ತನೆಯ ವಯಸ್ಸಿನಲ್ಲಿ ಮತ್ತೊಮ್ಮೆ ತೆರೆಯುತ್ತದೆ. ಖರ್ಚಾಗುವುದು ಒಂದು ವರ್ಷ ಹೆಚ್ಚು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಇದೇ ಹೆಚ್ಚು ಒಪ್ಪುವ ದಾರಿ ಎಂದು ನನಗೆ ಅನ್ನಿಸಿದೆ. ಹದಿನೇಳಕ್ಕೇ ವಕೀಲಿಕೆಯನ್ನು ಆರಿಸಿಕೊಂಡವರಲ್ಲಿ ಎಲ್ಲರೂ ಅದನ್ನು ತಿಳಿದೇ ಆರಿಸಿಕೊಂಡಿರುತ್ತಾರೆ ಎಂದು ನಂಬುವುದೂ ಕಷ್ಟ.

ಹಾಗಾದರೆ ವಾಡಿಯ ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದೇನು? ದ್ವಿತೀಯ ಪಿಯುಸಿಯ ಆಗಸ್ಟ್ ತಿಂಗಳಲ್ಲೇ ಕ್ಲಾಟ್ ಅರ್ಜಿ ಹಾಕು. ಪಿಯುಸಿ ಪರೀಕ್ಷೆ ಬರೆಯಲಿರುವವರೂ ಅರ್ಹರೇ. ಕೌನ್ಸೆಲಿಂಗ್‌ಗೆ ಕರೆ ಬಂದರೆ ಆರಂಭದಲ್ಲೇ ಇಪ್ಪತ್ತು–ಮೂವತ್ತು ಸಾವಿರ ಕಟ್ಟಬೇಕಾಗಿ ಬಂದಿದೆ, ಅದಕ್ಕೆ ಮನೆಯವರನ್ನು ಮೊದಲೇ ಸಿದ್ಧಪಡಿಸು. ಸೀಟು ಹಂಚಿಕೆಯಾದಾಗ 'ಫ್ರೀಜ್' ಎಂದು ಒತ್ತಿದರೆ ಆ ಕಾಲೇಜಿಗೆ ಗಂಟು ಬಿದ್ದಂತೆ. 'ಫ್ಲೋಟ್' ಎಂದರೆ ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯಬಹುದು. ಬೆಂಗಳೂರು ಸಿಕ್ಕಿ, ವಿದ್ಯಾರ್ಥಿವೇತನವೋ ಹೊರಲಾಗುವಷ್ಟು ಸಾಲವೋ ದೊರೆತರೆ ಹಿಂದೆ ಮುಂದೆ ನೋಡದೆ ಹೋಗು. ದೂರದ ರಾಜ್ಯದ ಹೊಸ ಕಾನೂನು ವಿಶ್ವವಿದ್ಯಾಲಯವೊಂದಕ್ಕೆ, ಹೆಸರಿನಲ್ಲಿ 'ರಾಷ್ಟ್ರೀಯ' ಎಂಬ ಪದವಿದೆ ಎಂಬ ಕಾರಣಕ್ಕೆ, ಹನ್ನೆರಡು–ಹದಿನೈದು ಲಕ್ಷ ಸಾಲ ಮಾಡಿ ಹೋಗುವುದಕ್ಕಿಂತ ಕಲಬುರಗಿ ಮೇಲು. ಅಲ್ಲಿನ ಭಾಷೆ ಬೇರೆ, ಭೂಕಾನೂನು ಬೇರೆ, ನಾಳೆ ನಿನ್ನನ್ನು ನಂಬಿ ಕಡತ ಕೊಡುವ ಕಕ್ಷಿದಾರ ಅಲ್ಲಿಲ್ಲ. ಈ ಮಾತಿಗೆ ನನ್ನ ಸ್ನೇಹಿತರಲ್ಲೇ ಆಕ್ಷೇಪವಿದೆ. ಊರು ಬಿಟ್ಟು ಹೋಗುವುದೇ ಒಂದು ಶಿಕ್ಷಣ ಎನ್ನುತ್ತಾರೆ ಅವರು. ಅದೂ ನಿಜವೇ. ಆದರೆ ಆ ಶಿಕ್ಷಣದ ಶುಲ್ಕವನ್ನು ಅವಳ ತಂದೆ ಸಿಮೆಂಟ್ ಧೂಳಿನಲ್ಲಿ ದುಡಿದು ಕಟ್ಟಬೇಕು.

ಕಲಬುರಗಿಯ ಸೀಟನ್ನು ಕೊನೆಯ ಗಳಿಗೆಯವರೆಗೆ ಕೈಬಿಡಬಾರದು ಎನ್ನುವುದಕ್ಕೆ ಈಚಿನ ನಿದರ್ಶನವೇ ಇದೆ. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಉತ್ತರಸೂಚಿಯಲ್ಲಿ ತಪ್ಪುಗಳಿವೆಯೆಂಬ ವಿವಾದ ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಇತ್ಯರ್ಥವಾದದ್ದು 2025ರ ಮೇ ತಿಂಗಳಲ್ಲಿ. ಡಿಸೆಂಬರ್‌ನಲ್ಲೇ ಭವಿಷ್ಯ ತಿಳಿಯುತ್ತದೆಂದು ನಂಬಿದ್ದವರು ಐದು ತಿಂಗಳು ಕಾದರು.

ಕಾಗದಪತ್ರಗಳ ವಿಷಯ ಉಳಿದಿದೆ. ಸಂವಿಧಾನದ 371(ಜೆ) ವಿಧಿಯಡಿ 2013ರಲ್ಲಿ ಹೊರಟ ಆದೇಶದಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಇತರೆಡೆಯ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಆ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರವನ್ನು ನೀಡುವವರು ಉಪವಿಭಾಗಾಧಿಕಾರಿ. ಸೇಡಂ, ಚಿತ್ತಾಪುರ, ಚಿಂಚೋಳಿಯವರಿಗೆ ಆ ಕಚೇರಿ ಸೇಡಂನಲ್ಲೇ ಇದೆ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಅಂಥ ಕಚೇರಿಗಳ ಮುಂದೆ ನಿಲ್ಲುವ ಸಾಲು, ಒಂದು ಸಹಿಗಾಗಿ ಚಿಂಚೋಳಿಯ ಗಡಿ ಹಳ್ಳಿಯಿಂದ ಮೂರು ಸಲ ಬಂದು ಹೋಗುವ ತಂದೆತಾಯಂದಿರು, ಅವರ ನಡುವೆ ಓಡಾಡುವ ಮಧ್ಯವರ್ತಿಗಳು, ಇವೆಲ್ಲವನ್ನೂ ಮೇಜಿನ ಆಚೆ ಕುಳಿತು ನೋಡಿದ್ದೇನೆ. ಅಕ್ಟೋಬರ್‌ನಲ್ಲಿ ಅದೇ ಮೇಜು ಬಹುಮಟ್ಟಿಗೆ ಖಾಲಿಯಿರುತ್ತದೆ. ಜಾತಿ, ಆದಾಯ, ಸ್ಥಳೀಯ ವ್ಯಕ್ತಿ ಪ್ರಮಾಣಪತ್ರಗಳನ್ನೂ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಪದವಿಪೂರ್ವ ಕಾಲೇಜಿನ ಗುಮಾಸ್ತರು ಅದರ ನಮೂನೆಯನ್ನು ಆ ರಜೆಗೆ ಮುಂಚೆಯೇ ತಮ್ಮ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿಟ್ಟರೆ, ಅದರ ಕೆಳಗೆ ಕ್ಲಾಟ್ ಅರ್ಜಿಯ ಕೊನೆಯ ದಿನಾಂಕವನ್ನೂ ಬರೆದರೆ, ಆ ಐದು ಊರುಗಳಿಗೆ ಆಗುವ ಖರ್ಚು ಐದು ಹಾಳೆ ಕಾಗದ.